ತೆನೆ ತೆನೆ ಕೂಡಿದರೆ ಬಳ್ಳ: ಫಿಲ್‌ಬರ್ನ್‌ನ ಗೋಧಿಯೂ ಅಮೆರಿಕದ ಒಕ್ಕೂಟವೂ

ಅಮೆರಿಕದ ಓಹಾಯೋ ರಾಜ್ಯದಲ್ಲಿ, ಡೇಟನ್ ನಗರದ ಬಳಿಯ ಮಾಂಟ್‌ಗೊಮೆರಿ ಕೌಂಟಿಯಲ್ಲಿ ರಾಸ್ಕೋ ಫಿಲ್‌ಬರ್ನ್ ಎಂಬ ರೈತನಿದ್ದ. ಹಸು ಕಟ್ಟಿ ಹಾಲು ಮಾರುತ್ತಿದ್ದ, ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದ. ಅದರ ಜೊತೆಗೆ ವರ್ಷ ವರ್ಷ ಒಂದಿಷ್ಟು ಗೋಧಿ. ಚಳಿಗಾಲಕ್ಕೆ ಮುನ್ನ ಬಿತ್ತನೆ, ಮರುವರ್ಷದ ಜುಲೈನಲ್ಲಿ ಕೊಯ್ಲು. ಬೆಳೆದದ್ದರಲ್ಲಿ ಒಂದು ಪಾಲು ಮಾರಾಟಕ್ಕೆ, ಒಂದು ಪಾಲು ದನ-ಕೋಳಿಗಳಿಗೆ, ಸ್ವಲ್ಪ ಮನೆಯ ಹಿಟ್ಟಿಗೆ, ಉಳಿದದ್ದು ಮುಂದಿನ ಬಿತ್ತನೆಯ ಬೀಜಕ್ಕೆ. ನಮ್ಮ ಕಡೆಯ ರಾಗಿ ಬೆಳೆಗಾರನ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ.

1940ರ ಜುಲೈನಲ್ಲಿ ಅವನಿಗೆ ಕೇಂದ್ರ ಸರ್ಕಾರದ ಕೃಷಿ ಕಾಯಿದೆಯಡಿ ಒಂದು ನೋಟಿಸು ಬಂತು. 1941ರ ಬೆಳೆಗೆ ಅವನು ಗೋಧಿ ಬೆಳೆಯಬಹುದಾದ ಜಮೀನು 11.1 ಎಕರೆ, ಆ ನೆಲದ ಸಾಮಾನ್ಯ ಇಳುವರಿ ಎಕರೆಗೆ 20.1 ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಎಂದು ಅದರಲ್ಲಿತ್ತು. ಬಿತ್ತನೆಗೆ ಮೊದಲೇ ಬಂದ ನೋಟಿಸು. ಗೊತ್ತಿರಲಿಲ್ಲ ಎನ್ನುವ ಹಾಗಿರಲಿಲ್ಲ. ಫಿಲ್‌ಬರ್ನ್ ಬಿತ್ತಿದ್ದು 23 ಎಕರೆ. ಮಿಗಿಲಾದ 11.9 ಎಕರೆಯ ಗೋಧಿ 239 ಬುಶೆಲ್ ಎಂದಾಯಿತು. ಬುಶೆಲ್‌ಗೆ 49 ಸೆಂಟ್‌ನಂತೆ ದಂಡ ಹಾಕಿದರು, ಒಟ್ಟು 117 ಡಾಲರ್ 11 ಸೆಂಟ್. 11.9ನ್ನು 20.1ರಿಂದ ಗುಣಿಸಿ ನೋಡಿ, 239.19 ಬರುತ್ತದೆ. ದಂಡದ ಅಂಕಿ ಕಾಗದದ ಮೇಲಿನ ಸರಾಸರಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ಸರ್ಕಾರಿ ಕಾಗದಗಳೊಂದಿಗೆ ಏಗಿದ ಯಾವ ರೈತನಿಗೂ ಇದರಲ್ಲಿ ಅಚ್ಚರಿ ಇರಲಾರದು.

ಈ 117 ಡಾಲರ್ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 1942ರ ನವೆಂಬರ್ 9ರಂದು ಬಂದ 'ವಿಕರ್ಡ್ ವಿರುದ್ಧ ಫಿಲ್‌ಬರ್ನ್' ತೀರ್ಪು ಅಮೆರಿಕದ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಎಲ್ಲೆ ಎಲ್ಲಿ ಎಂಬ ಪ್ರಶ್ನೆಗೆ ಇಂದಿಗೂ ಎಡತಾಕುವ ಗುರುತುಗಲ್ಲು.

ಹೇಳುವವರ ಬಾಯಲ್ಲಿ ಈ ಕಥೆ ಸವೆದು ಸವೆದು ಒಂದು ಸಾಲಿಗೆ ಇಳಿದಿದೆ. ಬಡಪಾಯಿ ರೈತನೊಬ್ಬ ಮನೆಯ ರೊಟ್ಟಿಗೆಂದು ನಾಲ್ಕು ಕಾಳು ಬೆಳೆದುಕೊಂಡರೆ ದಿಲ್ಲಿಯಂತಹ ದೂರದ ವಾಷಿಂಗ್ಟನ್ ದಂಡ ಹಾಕಿತಂತೆ ಎಂದು. ಕೇಳಲು ಚೆಂದ, ಆದರೆ ಪೂರ್ತಿ ನಿಜವಲ್ಲ. ಬುಶೆಲ್ ಗೋಧಿ ಎಂದರೆ ಸುಮಾರು 27 ಕಿಲೋ. 239 ಬುಶೆಲ್ ಎಂದರೆ 65 ಕ್ವಿಂಟಲ್. ಎಷ್ಟೇ ದೊಡ್ಡ ಅವಿಭಕ್ತ ಕುಟುಂಬವಾದರೂ ವರ್ಷಕ್ಕೆ ಅಷ್ಟು ರೊಟ್ಟಿ ತಿನ್ನುವುದಿಲ್ಲ. ಆ ಹೆಚ್ಚುವರಿ ಗೋಧಿಯನ್ನು ಏನು ಮಾಡಲು ಹೊರಟಿದ್ದ ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗಿಲ್ಲ ಎಂದು ತೀರ್ಪೇ ಹೇಳುತ್ತದೆ. ಹಸು-ಕೋಳಿಗಳ ಮನೆಯಲ್ಲಿ ಅದು ಬಹುಪಾಲು ಮೇವಾಗುತ್ತಿತ್ತು ಎಂದು ಊಹಿಸಬಹುದು. ಇಲ್ಲಿ ಕಾಯಿದೆ ಬಹಳ ಜಾಣತನದಿಂದ ಹೆಣೆದದ್ದು. 'ಮಾರಾಟ' ಎಂಬ ಪದಕ್ಕೆ ಅದು ಕೊಟ್ಟ ಅರ್ಥದೊಳಗೆ, ಮಾರಲಿರುವ ಪ್ರಾಣಿಗೆ ಅಥವಾ ಹಾಲು-ಮೊಟ್ಟೆ ಮಾರುವವನ ಹಸು-ಕೋಳಿಗೆ ಗೋಧಿ ತಿನ್ನಿಸುವುದೂ ಸೇರಿತ್ತು. ಗೋಧಿ ಹಾಲಾಗಿ ಪೇಟೆಗೆ ಹೋದರೂ ಗೋಧಿಯೇ ಪೇಟೆಗೆ ಹೋದಂತೆ.

ಹಾಗಾದರೆ ಬೆಳೆಯಬೇಡ ಎಂದು ರೈತನಿಗೆ ಹೇಳುವ ಕಾಯಿದೆ ಯಾಕೆ ಬೇಕಾಯಿತು? ಗೋಧಿ ಕೊರತೆಯಿಂದಲ್ಲ, ಗೋಧಿ ಹೇರಳವಾಗಿ. 1920ರ ದಶಕದಲ್ಲಿ ಅಮೆರಿಕ ತಾನು ಬೆಳೆದ ಗೋಧಿಯಲ್ಲಿ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಪಾಲನ್ನು ಹೊರದೇಶಗಳಿಗೆ ಮಾರುತ್ತಿತ್ತು. 1940ಕ್ಕೆ ಮುಗಿದ ದಶಕದಲ್ಲಿ ಅದು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು. ಕೊಳ್ಳುತ್ತಿದ್ದ ದೇಶಗಳು ತಾವೇ ಬೆಳೆಯತೊಡಗಿದ್ದವು, ಆಮದಿಗೆ ಅಡ್ಡಗಟ್ಟೆ ಹಾಕಿದ್ದವು. ಕಣಜ ತುಂಬಿ ಹೊರಚೆಲ್ಲಿದಾಗ ಬೆಲೆ ಮಣ್ಣು ಮುಕ್ಕುತ್ತದೆ. ಟೊಮ್ಯಾಟೊ ರಸ್ತೆಗೆ ಸುರಿಯುವುದನ್ನು ಕೋಲಾರದಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರದ ಮದ್ದು ಎಂದರೆ ಪ್ರತಿ ಜಮೀನಿಗೂ ಗೋಧಿಯ ಎಕರೆ ನಿಗದಿ ಮಾಡುವುದು, ಒಪ್ಪಿಕೊಂಡವನಿಗೆ ಬೆಲೆಯ ಆಸರೆ ಕೊಡುವುದು, ಮೀರಿದವನಿಗೆ ದಂಡ ಹಾಕುವುದು. ಮದ್ದು ಕೆಲಸ ಮಾಡಿತೇ ಎಂದರೆ, 1941ರಲ್ಲಿ ಜಗತ್ತಿನ ಪೇಟೆಯಲ್ಲಿ ಗೋಧಿಯ ಬೆಲೆ ಬುಶೆಲ್‌ಗೆ 40 ಸೆಂಟ್ ಇದ್ದಾಗ ಯೋಜನೆಗೆ ಸೇರಿದ ಅಮೆರಿಕದ ರೈತನಿಗೆ ಸರಾಸರಿ 1 ಡಾಲರ್ 16 ಸೆಂಟ್ ಸಿಕ್ಕಿತು. ಫಿಲ್‌ಬರ್ನ್ ಕೊಡಬೇಕಾದ ದಂಡ ಆ ಬೆಲೆಯಲ್ಲಿ ಸುಮಾರು ನೂರು ಬುಶೆಲ್ ಗೋಧಿಗೆ ಸಮ.

ಇದೇ 1942ರಲ್ಲಿ ಬ್ರಿಟಿಷರ ಕಾಲದ ಕಾಫಿ ಕಾಯಿದೆ ಬಂದು, ಕೊಡಗು-ಚಿಕ್ಕಮಗಳೂರಿನ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಮಂಡಳಿ ಮಾರಿ ಕಂತು ಕಂತಾಗಿ ಹಣ ಕೊಡುವುದನ್ನು ಕಾಯಬೇಕಾಯಿತು. ಆ ಪದ್ಧತಿ 1990ರ ದಶಕದ ಮಧ್ಯಭಾಗದವರೆಗೂ ನಡೆಯಿತು. ಅಲ್ಲಿನ ಹಿರಿಯರಿಗೆ ಫಿಲ್‌ಬರ್ನ್‌ನ ಸಿಟ್ಟು ಬೇಗ ಅರ್ಥವಾಗುತ್ತದೆ.

ಆದರೆ ಸಿಟ್ಟು ಬೇರೆ, ಸಂವಿಧಾನ ಬೇರೆ. ನಮ್ಮಲ್ಲಿ ಏಳನೆಯ ಅನುಸೂಚಿ ಇದೆ, ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರು ಭಾಗ. ಯಾವುದರಲ್ಲೂ ಇಲ್ಲದ್ದು ಕೇಂದ್ರಕ್ಕೆ. ಅಮೆರಿಕದ್ದು ತಿರುಗುಮುರುಗು. ಅಲ್ಲಿ ಪಟ್ಟಿ ಇರುವುದು ಕೇಂದ್ರಕ್ಕೆ ಮಾತ್ರ. ಸಂವಿಧಾನದ ಮೊದಲನೆಯ ವಿಧಿಯ ಎಂಟನೆಯ ಪರಿಚ್ಛೇದದಲ್ಲಿ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಏನೇನು ಮಾಡುವ ಅಧಿಕಾರವಿದೆ ಎಂದು ಎಣಿಸಿ ಬರೆದಿದ್ದಾರೆ. ಅದರ ಹೊರಗಿನದ್ದೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಎಂದು 1791ರ ಹತ್ತನೆಯ ತಿದ್ದುಪಡಿ ಇನ್ನೊಮ್ಮೆ ಒತ್ತಿ ಹೇಳಿತು. ಕೇಂದ್ರದ ಅಧಿಕಾರ ಕೆಲವೇ, ಗೊತ್ತುಪಡಿಸಿದವು. ರಾಜ್ಯಗಳದ್ದು ಅನೇಕ, ಮಿತಿಯಿಲ್ಲದವು ಎಂಬುದು ಸಂವಿಧಾನಕ್ಕೆ ಒಪ್ಪಿಗೆ ಕೇಳುವಾಗ ಜೇಮ್ಸ್ ಮ್ಯಾಡಿಸನ್ ಕೊಟ್ಟ ಭರವಸೆ.

ಕೃಷಿ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇರುವುದು ವಾಣಿಜ್ಯ: ಹೊರದೇಶಗಳೊಂದಿಗೆ, ರಾಜ್ಯ ರಾಜ್ಯಗಳ ನಡುವೆ, ಮೂಲನಿವಾಸಿ ಬುಡಕಟ್ಟುಗಳೊಂದಿಗೆ ನಡೆಯುವ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ. ಗೋಧಿಯ ಕಾಯಿದೆ ನಿಂತದ್ದು ಈ ಒಂದು ಕಾಲಿನ ಮೇಲೆ. ಬೆಳೆಯುವುದು ಕೃಷಿಯೋ ವ್ಯಾಪಾರದ ಮೊದಲ ಹೆಜ್ಜೆಯೋ? 2020ರ ಕೃಷಿ ಕಾಯಿದೆಗಳು ಬಂದಾಗ ನಾವೂ ಇದೇ ಪ್ರಶ್ನೆ ಕೇಳಿದ್ದೆವು. ಕೃಷಿ ರಾಜ್ಯಪಟ್ಟಿಯದು ಎಂದು ಒಂದು ಕಡೆ, ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯದು ಎಂದು ಇನ್ನೊಂದು ಕಡೆ. ನಮ್ಮಲ್ಲಿ ಉತ್ತರ ಬರುವ ಮೊದಲೇ ಕಾಯಿದೆಗಳು ರದ್ದಾದವು.

ಅಮೆರಿಕದ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಹಲವು ಬಾರಿ ಎಳೆದು ಅಳಿಸಿತ್ತು. 1895ರಲ್ಲಿ ಸಕ್ಕರೆ ಕಾರ್ಖಾನೆಗಳ ಏಕಸ್ವಾಮ್ಯದ ಪ್ರಕರಣದಲ್ಲಿ ತಯಾರಿಕೆ ಬೇರೆ, ವಾಣಿಜ್ಯ ಬೇರೆ ಎಂದಿತು. 1918ರಲ್ಲಿ ಬಾಲಕಾರ್ಮಿಕರು ತಯಾರಿಸಿದ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆದ ಕಾಯಿದೆಯನ್ನೇ ಹೊಡೆದುಹಾಕಿತು. 1936ರಲ್ಲಿ ರೂಸ್‌ವೆಲ್ಟ್‌ನ ಮೊದಲ ಕೃಷಿ ಕಾಯಿದೆಯೂ ಬಿತ್ತು. ಸಿಟ್ಟಾದ ಅಧ್ಯಕ್ಷ 1937ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳ ಸಂಖ್ಯೆಯನ್ನೇ ಹೆಚ್ಚಿಸುವ ಮಸೂದೆ ತಂದ. ಮಸೂದೆ ಸೋತಿತು, ಆದರೆ ಅಷ್ಟರಲ್ಲಿ ಕೋರ್ಟು ದಿಕ್ಕು ಬದಲಿಸಿತ್ತು. 1941ರ ಫೆಬ್ರವರಿಯ ಡಾರ್ಬಿ ಪ್ರಕರಣದ ಹೊತ್ತಿಗೆ 1918ರ ತೀರ್ಪು ರದ್ದಾಗಿ, ಹತ್ತನೆಯ ತಿದ್ದುಪಡಿ ಹೇಳುವುದು ಎಲ್ಲರಿಗೂ ಗೊತ್ತಿರುವ ಮಾತನ್ನಷ್ಟೇ ಎಂಬಲ್ಲಿಗೆ ಬಂದು ನಿಂತಿತ್ತು.

ಇಷ್ಟು ಹಿನ್ನೆಲೆ ಸಾಕು. ನನಗೆ ಈ ಪ್ರಕರಣದಲ್ಲಿ ಹೆಚ್ಚು ಕಾಡುವುದು ಸಂವಿಧಾನದ ವಿಧಿಯಲ್ಲ, 1941ರ ಮೇ ತಿಂಗಳು.

ಫಿಲ್‌ಬರ್ನ್ ಬಿತ್ತಿದ್ದು 1940ರ ಕೊನೆಯ ತಿಂಗಳುಗಳಲ್ಲಿ. ಆಗ ಹೆಚ್ಚುವರಿ ಗೋಧಿಗೆ ಕಾಯಿದೆಯಲ್ಲಿದ್ದ ದಂಡ ಬುಶೆಲ್‌ಗೆ 15 ಸೆಂಟ್. ಅದನ್ನು ಕಟ್ಟಿಯೂ ಲಾಭವಿದೆ ಎಂದು ಲೆಕ್ಕ ಹಾಕಲು ಯಾವ ರೈತನಿಗೂ ಅವಕಾಶವಿತ್ತು. ಮೇ 19ರಂದು ಕೃಷಿ ಕಾರ್ಯದರ್ಶಿ, ಎಂದರೆ ನಮ್ಮ ಲೆಕ್ಕದಲ್ಲಿ ಕೇಂದ್ರ ಕೃಷಿ ಸಚಿವ, ಕ್ಲಾಡ್ ವಿಕರ್ಡ್ ರೇಡಿಯೊದಲ್ಲಿ ಭಾಷಣ ಮಾಡಿದ. ಆತ ಇಂಡಿಯಾನಾದ ರೈತ, ಹೊಲದ ಮಾತು ಬಲ್ಲವನು. ಯುದ್ಧದ ಅನಿಶ್ಚಿತ ದಿನಗಳೆಂದು ನಾವೇ ಬೇಕೆಂದು ಲಕ್ಷಾಂತರ ಎಕರೆ ಹೆಚ್ಚು ಗೋಧಿ ಬಿತ್ತಿದ್ದೇವೆ. ಆಹಾರದ ಕೊರತೆಗೆ ವಿಮೆಯಂತೆ ನಿಂತ ರೈತನಿಗೆ ಶಿಕ್ಷೆಯಾಗಬಾರದು ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಬೆಳೆಗಾರರೇ ಮತ ಹಾಕಿ ಒಪ್ಪಬೇಕಿದ್ದ ಮಾರಾಟದ ಮಿತಿಗಳಿಗೆ, ಎಂದರೆ ಕೋಟಾಗಳಿಗೆ, ಮತ ಕೊಡಿ ಎಂದು ಕೇಳುವ ಭಾಷಣ ಅದು. ಆ ಹೊತ್ತಿಗೆ ಕಾಂಗ್ರೆಸ್ಸಿನ ಮುಂದೆ ದಂಡ ಹೆಚ್ಚಿಸುವ ತಿದ್ದುಪಡಿ ಇತ್ತು. ಭಾಷಣದಲ್ಲಿ ಅದರ ಸುದ್ದಿ ಇರಲಿಲ್ಲ.

ವಾರ ಕಳೆದು ಮೇ 26ರಂದು ತಿದ್ದುಪಡಿ ಕಾಯಿದೆಯಾಯಿತು. 15 ಸೆಂಟ್ ಹೋಗಿ 49 ಸೆಂಟ್ ಬಂತು. ಮೇ 31ರಂದು ಗೋಧಿ ಬೆಳೆಗಾರರ ಮತದಾನ. ಮತ ಹಾಕಿದವರಲ್ಲಿ ನೂರಕ್ಕೆ 81 ಮಂದಿ ಕೋಟಾ ಇರಲಿ ಎಂದರು. ಹೊಲದಲ್ಲಿ ಗೋಧಿ ಆಗ ತೆನೆಗಟ್ಟಿ ನಿಂತಿತ್ತು. ಬಿತ್ತಿದ ಕಾಳನ್ನು ವಾಪಸು ಹೆಕ್ಕಿಕೊಳ್ಳುವಂತಿರಲಿಲ್ಲ.

ಜುಲೈನಲ್ಲಿ ಕೊಯ್ಲಿಗೆ ಮುನ್ನ ಇನ್ನೊಂದು ನೋಟಿಸು ಬಂತು. ಫಿಲ್‌ಬರ್ನ್ ಕೊಯ್ದ, ಒಕ್ಕಿದ. ಹೆಚ್ಚುವರಿಯನ್ನು ನಿಯಮದಂತೆ ಗೋದಾಮಿನಲ್ಲಿಟ್ಟಿದ್ದರೆ ದಂಡ ಮುಂದಕ್ಕೆ ಹೋಗುತ್ತಿತ್ತು, ಸರ್ಕಾರಕ್ಕೆ ಒಪ್ಪಿಸಿದ್ದರೆ ತಪ್ಪುತ್ತಿತ್ತು. ಎರಡನ್ನೂ ಮಾಡಲಿಲ್ಲ, ದಂಡವನ್ನೂ ಕಟ್ಟಲಿಲ್ಲ. ಆಗ ಕೌಂಟಿಯ ಸಮಿತಿ ಅವನಿಗೆ ಮಾರಾಟದ ಕಾರ್ಡ್ ಕೊಡಲಿಲ್ಲ. ಈ ಕಾರ್ಡ್ ಎಂಬುದು ಪೊಲೀಸರಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದ ಕಾಗದದ ಚೂರು. ಕಾರ್ಡ್ ಇಲ್ಲದವನ ಗೋಧಿ ಕೊಂಡರೆ ದಂಡದ ಹೊಣೆ ಕೊಂಡವನ ಹೆಗಲಿಗೂ ಬರುತ್ತಿತ್ತು, ಗೋಧಿಯ ಮೇಲೆ ಸರ್ಕಾರದ ಹಕ್ಕೂ ಕೂತಿರುತ್ತಿತ್ತು. ಯಾವ ವ್ಯಾಪಾರಿ ಮುಟ್ಟುತ್ತಾನೆ? ಮಿಗಿಲಾದ 239 ಬುಶೆಲ್ ಮಾತ್ರವಲ್ಲ, ನ್ಯಾಯವಾಗಿ ಬೆಳೆದ 11.1 ಎಕರೆಯ ಗೋಧಿಯೂ ಕೊಳ್ಳುವವರಿಲ್ಲದೆ ನಿಂತಿತು.

ಫಿಲ್‌ಬರ್ನ್ ಮೊಕದ್ದಮೆ ಹೂಡಿದ. ಮೂವರು ನ್ಯಾಯಾಧೀಶರ ಜಿಲ್ಲಾ ಪೀಠ ಅವನ ಪರವಾಗಿಯೇ ತೀರ್ಪು ಕೊಟ್ಟಿತು, ಸಂವಿಧಾನದ ಪ್ರಶ್ನೆಯ ಮೇಲಲ್ಲ. ಭಾಷಣ ರೈತರನ್ನು ದಾರಿ ತಪ್ಪಿಸಿದೆ, ಬಿತ್ತಿದ ಮೇಲೆ ದಂಡ ಏರಿಸಿದ್ದು ಅನ್ಯಾಯ, 15 ಸೆಂಟ್‌ಗಿಂತ ಹೆಚ್ಚು ವಸೂಲು ಮಾಡಬೇಡಿ ಎಂದಿತು. ಹೊಲ ಬಲ್ಲವರ ತೀರ್ಪಿನಂತೆ ಕೇಳಿಸುತ್ತದೆ. ಸರ್ಕಾರ ಮೇಲ್ಮನವಿ ಹೋಯಿತು.

1942ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಾದ ಕೇಳಿತು, ಆದರೆ ತೀರ್ಪು ಕೊಡಲಿಲ್ಲ. ವಾಣಿಜ್ಯದ ಪ್ರಶ್ನೆಯ ಮೇಲೆ ಇನ್ನೊಮ್ಮೆ ವಾದ ಮಂಡಿಸಿ ಎಂದಿತು. ಅಕ್ಟೋಬರ್‌ನಲ್ಲಿ ಎರಡನೆಯ ಬಾರಿ ವಾದ ನಡೆಯಿತು. ತೀರ್ಪು ಬರೆಯುವ ಕೆಲಸ ರಾಬರ್ಟ್ ಜಾಕ್ಸನ್‌ನದು. ಮುಂದೆ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿರುದ್ಧ ಅಮೆರಿಕದ ಪರ ವಾದಿಸಿದವನು ಇವನೇ. ಈ ಕೋರ್ಟಿಗೆ ಬರುವ ಮುನ್ನ ರೂಸ್‌ವೆಲ್ಟ್‌ನ ಅಟಾರ್ನಿ ಜನರಲ್ ಆಗಿದ್ದವನು. ಅವನಿಗೂ ಈ ಪ್ರಕರಣ ಸಲೀಸಾಗಿ ಗಂಟಲಲ್ಲಿ ಇಳಿದಿರಲಿಲ್ಲ. ಇದು ವಾಣಿಜ್ಯವಾದರೆ ಮತ್ತೆ ವಾಣಿಜ್ಯವಲ್ಲದ್ದು ಯಾವುದು ಎಂಬ ಅನುಮಾನವನ್ನು ತನ್ನ ಟಿಪ್ಪಣಿಗಳಲ್ಲಿ ಅವನೇ ಜಗ್ಗಾಡಿದ್ದಾನೆ. ಕೊನೆಗೆ ಬಂದ ತೀರ್ಪು ಮಾತ್ರ ಒಮ್ಮತದ್ದು, ಭಿನ್ನಮತವೇ ಇಲ್ಲ.

ಜಾಕ್ಸನ್‌ನ ತರ್ಕಕ್ಕೆ ನಮ್ಮಲ್ಲಿ ಸಿದ್ಧ ಗಾದೆಯೇ ಇದೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಫಿಲ್‌ಬರ್ನ್ ಒಬ್ಬನ 239 ಬುಶೆಲ್ ದೇಶದ ಪೇಟೆಯಲ್ಲಿ ಲೆಕ್ಕಕ್ಕಿಲ್ಲದ್ದು. ಆದರೆ ಅವನಂತೆ ಮಾಡುವವರನ್ನೆಲ್ಲ ಕೂಡಿಸಿದರೆ? ಗೋಧಿಯ ಬಳಕೆಯಲ್ಲಿ ಹೆಚ್ಚು ಏರಿಳಿಯುವ ಪಾಲು ಹೊಲದ ಮನೆಯಲ್ಲೇ ಖರ್ಚಾಗುವುದು. ಆ ಏರಿಳಿತ ಸರಾಸರಿ ಉತ್ಪಾದನೆಯ ನೂರಕ್ಕೆ ಇಪ್ಪತ್ತನ್ನು ಮೀರುತ್ತದೆ ಎಂದು ತೀರ್ಪು ಲೆಕ್ಕ ಕೊಡುತ್ತದೆ. ಬೆಲೆ ಏರಿದರೆ ಮನೆಯಲ್ಲಿಟ್ಟ ಗೋಧಿ ಪೇಟೆಗೆ ಹರಿಯುತ್ತದೆ. ಹರಿಯದೇ ಇದ್ದರೂ, ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳಬೇಕಾದದ್ದನ್ನು ಕೊಳ್ಳುವುದಿಲ್ಲ. ಮನೆಯ ಗೋಧಿ ಪೇಟೆಯ ಗೋಧಿಗೆ ಪ್ರತಿಸ್ಪರ್ಧಿ. ಆದ್ದರಿಂದ ಕೆಲಸ ಸ್ಥಳೀಯವಾಗಿರಲಿ, ಅದನ್ನು ವಾಣಿಜ್ಯ ಎನ್ನಲು ಬರದೇ ಇರಲಿ, ರಾಜ್ಯಗಳ ನಡುವಿನ ವಾಣಿಜ್ಯದ ಮೇಲೆ ಅದರ ಆರ್ಥಿಕ ಪರಿಣಾಮ ಗಣನೀಯವಾಗಿದ್ದರೆ ಕಾಂಗ್ರೆಸ್ಸಿನ ಕೈ ಅಲ್ಲಿಗೆ ಚಾಚಬಹುದು.

ಆರ್ಥಿಕತೆಯ ಲೆಕ್ಕವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಎಲ್ಲರ ಬೆಲೆ ಎತ್ತಲು ಎಲ್ಲರೂ ಕೈ ಹಿಡಿದಿರುವಾಗ, ಒಬ್ಬ ಆ ಬೆಲೆಯ ಲಾಭವನ್ನೂ ಪಡೆದು ಹಿಡಿತವನ್ನೂ ಬಿಟ್ಟರೆ ಉಳಿದವರು ಮೂರ್ಖರಾಗುತ್ತಾರೆ. ಸರ್ಕಾರ ತಾನು ಹಣ ಸುರಿದು ಆಸರೆ ಕೊಡುವುದನ್ನು ತಾನೇ ನಿಯಂತ್ರಿಸಿದರೆ ಅದರಲ್ಲಿ ಅನ್ಯಾಯವೇನು ಎಂದು ಜಾಕ್ಸನ್ ಕೇಳುವುದೂ ಇದನ್ನೇ.

ಭಾಷಣದ ದೂರನ್ನು ಕೋರ್ಟು ಕೈ ಬೀಸಿ ಬದಿಗೊತ್ತಿತು. ಸಚಿವನೊಬ್ಬನ ಭಾಷಣ ನ್ಯಾಯಾಧೀಶರು ಬಯಸುವಷ್ಟು ಸ್ಪಷ್ಟವಾಗಿಲ್ಲ ಎಂಬ ಕಾರಣಕ್ಕೆ ಕಾಂಗ್ರೆಸ್ಸಿನ ಕಾಯಿದೆ ಕುಸಿಯುವುದಾದರೆ ಅಧಿಕಾರಿಗಳು ಜನರೊಡನೆ ಮಾತಾಡುವುದೇ ಅಪಾಯವಾದೀತು ಎಂದಿತು. ಸರಿ, ಒಪ್ಪೋಣ. ಬಿತ್ತಿದ ಮೇಲೆ ಏರಿಸಿದ ದಂಡದ ಮಾತೇನು? ಇಲ್ಲಿ ತೀರ್ಪು ಹೊಲದಿಂದ ಕಣಕ್ಕೆ ಬರುತ್ತದೆ. ದಂಡ ಬಿತ್ತಿದ್ದಕ್ಕಲ್ಲ, ಒಕ್ಕಿದ್ದಕ್ಕೆ, ಎಂದಿತು ಕೋರ್ಟು. ಒಕ್ಕಣೆಯಾದಾಗ ಮಾತ್ರ ಗೋಧಿ ಪೇಟೆಯ ತಲೆಯ ಮೇಲೆ ತೂಗುವ ರಾಶಿಗೆ ಸೇರುತ್ತದೆ. ಒಕ್ಕಣೆ ನಡೆದದ್ದು ಜುಲೈನಲ್ಲಿ, ತಿದ್ದುಪಡಿ ಬಂದದ್ದು ಮೇ ತಿಂಗಳಲ್ಲಿ. ಹಾಗಾಗಿ ಪೂರ್ವಾನ್ವಯದ ಪ್ರಶ್ನೆಯೇ ಇಲ್ಲ. ಒಕ್ಕದೆಯೇ ಬಳಸಿಕೊಂಡಿದ್ದರೆ ನಷ್ಟವಾಗುತ್ತಿತ್ತು ಎಂದು ಫಿಲ್‌ಬರ್ನ್ ತೋರಿಸಿಲ್ಲವಲ್ಲ ಎಂದೂ ಸೇರಿಸಿತು.

ಕಾನೂನಿನ ಭಾಷೆಯಲ್ಲಿ ಇದು ಜಾಣ ಉತ್ತರ. ಆದರೆ ಮಾಗಿದ ಗೋಧಿಯ ಎದುರು ನಿಂತು, ಕಾಳನ್ನು ತೆನೆಯಿಂದ ಬಿಡಿಸದೆ ಸೊಪ್ಪೆಯಂತೆ ದನಗಳಿಗೆ ಹಾಕಿಬಿಡು ಎಂದು ರೈತನಿಗೆ ಹೇಳಿ ನೋಡಿ. ವರ್ಷದ ದುಡಿಮೆಯನ್ನು ಮೇವಿನ ಬಣವೆಗೆ ಇಳಿಸುವ ಆ ಸಲಹೆಯನ್ನು ಆಯ್ಕೆ ಎಂದು ಕರೆಯಲು ಹೊಲದಿಂದ ತುಸು ದೂರವಿರಬೇಕು. ನನ್ನ ಮಟ್ಟಿಗೆ ಫಿಲ್‌ಬರ್ನ್‌ನ ಗಟ್ಟಿ ದೂರು ಇದೇ ಆಗಿತ್ತು, ರೊಟ್ಟಿಯದಲ್ಲ. ನಡು ಹಂಗಾಮಿನಲ್ಲಿ ನಿಯಮ ಬದಲಾಗಬಾರದು ಎಂಬುದನ್ನು ಚರಿತ್ರೆ ಮರೆತಿತು, ಮನೆಯ ರೊಟ್ಟಿಯನ್ನು ನೆನಪಿಟ್ಟುಕೊಂಡಿತು.

ಇನ್ನೊಂದು ಸಂಗತಿ. ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ಎಲ್ಲರೂ ಎತ್ತಿಕೊಳ್ಳುವ ಈ ಪ್ರಕರಣದಲ್ಲಿ ಓಹಾಯೋ ರಾಜ್ಯ ಪಕ್ಷಕಾರನೇ ಅಲ್ಲ. ಪ್ರತಿವಾದಿಗಳಲ್ಲಿ ಓಹಾಯೋ ಹೆಸರು ಹೊತ್ತವನೊಬ್ಬನಿದ್ದ. ಅವನು ರಾಜ್ಯ ಸರ್ಕಾರದವನಲ್ಲ, ಕೇಂದ್ರದ ಕೃಷಿ ಯೋಜನೆಯ ರಾಜ್ಯಮಟ್ಟದ ಸಮಿತಿಯವನು. ಮಾಂಟ್‌ಗೊಮೆರಿ ಕೌಂಟಿಯ ಸಮಿತಿಯೂ ಅದೇ ಯೋಜನೆಯದು. ಎಲ್ಲೆ ಯಾರದ್ದೋ ಅವರು ಜಗಳಕ್ಕೆ ಬರಲಿಲ್ಲ. ಎಲ್ಲೆಯ ಪರವಾಗಿ ವಾದಿಸಿದವನು ಹಾಲು ಮಾರುವ ರೈತ. ಓಹಾಯೋಗೆ ಬರಬೇಕೆನ್ನಿಸಲು ಕಾರಣವೂ ಇರಲಿಲ್ಲವೆನ್ನಿ. ಒಂದು ರಾಜ್ಯ ಒಂಟಿಯಾಗಿ ಗೋಧಿ ಕಡಿಮೆ ಬೆಳೆದರೆ ಪಕ್ಕದ ರಾಜ್ಯ ಹೆಚ್ಚು ಬೆಳೆದು ಬೆಲೆ ಕೆಡಿಸುತ್ತದೆ. ರಾಜ್ಯಗಳು ತಾವಾಗಿ ಮಾಡಲಾಗದ ಕೆಲಸವನ್ನು ಕೇಂದ್ರ ಮಾಡುತ್ತಿದ್ದಾಗ ತಡೆಯುವ ಉತ್ಸಾಹ ಯಾರಿಗಿರುತ್ತದೆ?

ಲೆಕ್ಕ ಸರಿ; ತೊಂದರೆ ಎಂದರೆ ಅದು ಎಲ್ಲಿ ನಿಲ್ಲಬೇಕು ಎಂಬುದು ಅದರೊಳಗೆ ಇಲ್ಲ. ಹಿತ್ತಿಲ ಸೊಪ್ಪು, ಮನೆಯಲ್ಲಿ ಹೊಲಿದ ಬಟ್ಟೆ, ನೆರೆಮನೆಯ ಮಗುವಿಗೆ ಹೇಳಿಕೊಡುವ ಲೆಕ್ಕದ ಪಾಠ, ಎಲ್ಲವೂ ಕೂಡಿಸಿದರೆ ಬಳ್ಳವೇ. ಇದು ಜಾಕ್ಸನ್‌ಗೆ ಗೊತ್ತಿತ್ತು. ತೀರ್ಪು ಕೊಟ್ಟ ಮರುತಿಂಗಳು, 1942ರ ಡಿಸೆಂಬರ್‌ನಲ್ಲಿ, ಮುಂದೆ ಅದೇ ಕೋರ್ಟಿಗೆ ಬರಲಿದ್ದ ಶರ್ಮನ್ ಮಿಂಟನ್‌ಗೆ ಬರೆದ ಪತ್ರದಲ್ಲಿ ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಒರಟಾಗಿ ನಿಜ ಹೇಳುವುದಾದರೆ, ರಾಜ್ಯಗಳ ನಡುವಿನ ವಾಣಿಜ್ಯದ ಮೇಲೆ ಪರಿಣಾಮವಿದೆ ಎಂದು ಕಾಂಗ್ರೆಸ್ಸಿಗೆ ಅನ್ನಿಸಿದರೆ ಸಾಕು, ಕೋರ್ಟು ಅದನ್ನು ಒಪ್ಪುತ್ತದೆ; ಈ ಅಧಿಕಾರವನ್ನು ಸೂತ್ರಕ್ಕೆ ಕಟ್ಟುವ ಯತ್ನಗಳೆಲ್ಲ ಸೋತಿವೆ ಎಂಬುದು ಅದರ ತಿರುಳು. ತೀರ್ಪಿನಲ್ಲಿ ಇಷ್ಟು ಬಿಚ್ಚುಮಾತಿಲ್ಲ. ನಿಯಂತ್ರಣದಿಂದ ಸೋಲುವವರ ಮತ್ತು ಗೆಲ್ಲುವವರ ನಡುವಿನ ಹಿತಾಸಕ್ತಿಯ ಜಗಳವನ್ನು ಶಾಸನಸಭೆಗೆ ಬಿಡುವುದೇ ವಿವೇಕ ಎಂಬಷ್ಟು ಮಾತ್ರ ಇದೆ.

ಬೀಗ ತೆರೆದ ಮೇಲೆ ಒಳಗೆ ಯಾರು ಯಾರು ಬಂದರು? 1964ರಲ್ಲಿ ಖಾನಾವಳಿಗಳಲ್ಲೂ ಬಣ್ಣಭೇದ ಮಾಡಬಾರದೆಂಬ ನಾಗರಿಕ ಹಕ್ಕುಗಳ ಕಾಯಿದೆ ಬಂದಾಗ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಓಲೀಸ್ ಬಾರ್ಬೆಕ್ಯೂ ಎಂಬ ಖಾನಾವಳಿ ಇತ್ತು. ಕಪ್ಪು ಜನರಿಗೆ ಒಳಗೆ ಕೂರಲು ಜಾಗವಿಲ್ಲ, ಕಟ್ಟಿಸಿಕೊಂಡು ಹೋಗಬಹುದು. ನಮ್ಮ ಹಳ್ಳಿ ಹೋಟೆಲುಗಳ ಬೇರೆ ಲೋಟ ಕಂಡವರಿಗೆ ಇದು ಹೊಸದಲ್ಲ. ನಮ್ಮದು ಸ್ಥಳೀಯ ವ್ಯಾಪಾರ, ಕೇಂದ್ರಕ್ಕೇನು ಕೆಲಸ ಎಂಬುದು ಮಾಲೀಕರ ವಾದ. ಹಿಂದಿನ ಹನ್ನೆರಡು ತಿಂಗಳಲ್ಲಿ ಕೊಂಡ ಸುಮಾರು ಒಂದೂವರೆ ಲಕ್ಷ ಡಾಲರ್ ಸಾಮಗ್ರಿಯಲ್ಲಿ 69,683 ಡಾಲರ್‌ನ ಮಾಂಸ ಹೊರರಾಜ್ಯದಿಂದ ಬಂದದ್ದು ಎಂಬ ಲೆಕ್ಕ ಹಿಡಿದು, ಫಿಲ್‌ಬರ್ನ್ ತೀರ್ಪನ್ನು ಉಲ್ಲೇಖಿಸಿ, ಸುಪ್ರೀಂ ಕೋರ್ಟ್ ಖಾನಾವಳಿಯ ಬಾಗಿಲು ತೆರೆಸಿತು. ಒಬ್ಬನ ಗೋಧಿಗೆ ದಂಡ ಹಾಕಿದ ತರ್ಕವೇ ಇನ್ನೊಬ್ಬನಿಗೆ ಊಟದ ಮೇಜಿನಲ್ಲಿ ಜಾಗ ಕೊಡಿಸಿತು. ಫಿಲ್‌ಬರ್ನ್ ಪ್ರಕರಣವನ್ನು ಬರೀ ನಗೆಪಾಟಲಾಗಿ ಹೇಳುವವರು ಈ ಅಧ್ಯಾಯವನ್ನು ಹಾರಿಸುತ್ತಾರೆ. ಮಾನವ ಘನತೆಯ ಪ್ರಶ್ನೆಯನ್ನು ಮಾಂಸದ ಬಿಲ್ಲಿನ ಮೂಲಕ ಗೆಲ್ಲಬೇಕಾಯಿತಲ್ಲ ಎಂಬ ಕಸಿವಿಸಿ ನನಗೂ ಇದೆ.

ಎಲ್ಲೆ ಇದೆ ಎಂದು ಕೋರ್ಟು ಮತ್ತೆ ಹೇಳಲು 1995 ಬರಬೇಕಾಯಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹನ್ನೆರಡನೆಯ ತರಗತಿಯ ಹುಡುಗನೊಬ್ಬ ಶಾಲೆಗೆ ರಿವಾಲ್ವರ್ ತಂದಿದ್ದ. ಶಾಲೆಯ ಬಳಿ ಬಂದೂಕು ನಿಷೇಧಿಸಿದ ಕೇಂದ್ರ ಕಾಯಿದೆಯನ್ನು ಉಳಿಸಲು ಸರ್ಕಾರ ಹೆಣೆದ ಸರಪಳಿ ಹೀಗಿತ್ತು: ಬಂದೂಕಿನಿಂದ ಹಿಂಸೆ, ಹಿಂಸೆಯಿಂದ ಓದು ಹಾಳು, ಓದು ಹಾಳಾದರೆ ದೇಶದ ಉತ್ಪಾದನೆ ಕುಂಠಿತ. ಐದು-ನಾಲ್ಕರ ಬಹುಮತ ಇದನ್ನು ಒಪ್ಪಲಿಲ್ಲ. ಗೋಧಿಯಾದರೂ ಆರ್ಥಿಕ ಚಟುವಟಿಕೆ, ಶಾಲೆಯಲ್ಲಿ ಬಂದೂಕು ಹಿಡಿಯುವುದು ಅಲ್ಲ ಎಂದಿತು. ಹತ್ತು ವರ್ಷ ಕಳೆದು 2005ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾ ಪ್ರಕರಣ ಬಂತು. ವೈದ್ಯರ ಸಲಹೆಯ ಮೇರೆಗೆ ಮನೆಯಲ್ಲಿ ಬೆಳೆಸಿದ ಆರು ಗಿಡಗಳು, ರಾಜ್ಯದ ಕಾನೂನಿನ ಒಪ್ಪಿಗೆಯೂ ಇತ್ತು, ಮಾರಾಟದ ಮಾತೇ ಇರಲಿಲ್ಲ. ಆರು-ಮೂರರ ಬಹುಮತ ಫಿಲ್‌ಬರ್ನ್‌ನ ಗೋಧಿಯನ್ನೇ ನೆನೆದು ಕೇಂದ್ರವನ್ನು ಗೆಲ್ಲಿಸಿತು. 2012ರಲ್ಲಿ ಒಬಾಮಾನ ಆರೋಗ್ಯ ವಿಮೆಯ ಕಾಯಿದೆ ಕೋರ್ಟಿನ ಮುಂದೆ ಬಂದಾಗ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಗೆರೆಯನ್ನು ಇನ್ನೊಂದು ಕಡೆ ಎಳೆದ. ಗೋಧಿ ಬೆಳೆದ ರೈತ ಕನಿಷ್ಠ ಏನನ್ನೋ ಮಾಡುತ್ತಿದ್ದ; ವಿಮೆ ಕೊಳ್ಳದೆ ಸುಮ್ಮನಿರುವವನನ್ನು ವಾಣಿಜ್ಯದ ಹೆಸರಲ್ಲಿ ಕೊಳ್ಳು ಎನ್ನಲಾಗದು ಎಂದ. ಆಮೇಲೆ ಅದೇ ದಂಡವನ್ನು ತೆರಿಗೆ ಎಂದು ಕರೆದು ಕಾಯಿದೆಯನ್ನು ಉಳಿಸಿದ.

ಗೋಧಿಯ ಕೋಟಾವನ್ನು ಮಾತ್ರ ಯಾವ ಕೋರ್ಟೂ ತಡೆಯಲಿಲ್ಲ. ಅದು ಮುಗ್ಗರಿಸಿದ್ದು ಬೇರೆ ಕಡೆ. 1963ರ ಮೇ ತಿಂಗಳಲ್ಲಿ ಕೆನಡಿ ಸರ್ಕಾರ ಬಿಗಿ ಕೋಟಾದ ಹೊಸ ಯೋಜನೆಯನ್ನು ಗೋಧಿ ಬೆಳೆಗಾರರ ಮುಂದಿಟ್ಟಿತು. ಜಾರಿಯಾಗಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 1941ರಲ್ಲಿ ನೂರಕ್ಕೆ 81 ಬಂದಿದ್ದ ಕಡೆ ಈ ಸಲ ಅರ್ಧವೂ ಬರಲಿಲ್ಲ. ಆ ಹೊತ್ತಿಗೆ ಫಿಲ್‌ಬರ್ನ್ ತನ್ನ 117 ಡಾಲರ್ 11 ಸೆಂಟ್‌ಗಳ ಮೊಕದ್ದಮೆ ಸೋತು ಇಪ್ಪತ್ತು ವರ್ಷ ದಾಟಿತ್ತು.